ಹಳೇ ಸ್ಕೂಲಲ್ಲಿ ಬೇರೆ ತರ

ಜುಲೈ ಬಂತೆಂದರೆ ಜಪಾನಿನ ಸಾಸೆಬೊದಲ್ಲಿರುವ ಅಮೆರಿಕನ್ ನೌಕಾನೆಲೆಯ ವಸತಿಯಲ್ಲಿ ಯಾರೂ ಸೋಯಾ ಸಾಸ್ ಕೊಳ್ಳುವುದಿಲ್ಲ. ವರ್ಗವಾಗಿ ಹೋಗುವವರ ಸಾಮಾನು ಕಟ್ಟಲು ಬರುವ ಆಳುಗಳು ಮುಚ್ಚಳ ತೆರೆದ ಬಾಟಲಿಗಳನ್ನು ಮುಟ್ಟುವುದಿಲ್ಲ. ಹೀಗಾಗಿ ಹೊರಡುವವರು ಅರ್ಧ ಮುಗಿದ ಎಣ್ಣೆ, ವಿನೆಗರ್, ಮೀನಿನ ಸಾಸ್, ಶಾಂಪೂ ಎಲ್ಲವನ್ನೂ ಪಕ್ಕದ ಮನೆಗೆ ತಂದು ಸುರಿಯುತ್ತಾರೆ. ಪಕ್ಕದ ಮನೆಯವರಿಗೂ ವರ್ಗವಾದರೆ ಅದೇ ಬಾಟಲಿ ಮೂರನೆಯ ಮನೆ ಸೇರುತ್ತದೆ. ಲಿಗಾಯಾಳ ಅಡಿಗೆಮನೆಯಲ್ಲಿದ್ದ ಒಂದು ವಿನೆಗರ್ ಬಾಟಲಿಯನ್ನು ಮೊದಲು ಕೊಂಡವರು ಯಾರೆಂದು ಆ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರೋ ಈಗ ಇಟಲಿಯಲ್ಲಿದ್ದಾರಂತೆ.

ಆ ಸೋಮವಾರ, ವರ್ಗವಾಗಿ ಹೊರಟಿದ್ದ ಚಾರಿತೋ ಅಕ್ಕ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ಬಂದಳು. ಇಪ್ಪತ್ತು ವರ್ಷ ನೌಕಾದಳದವನ ಹೆಂಡತಿಯಾಗಿದ್ದವಳು, ಬೀದಿಯ ಫಿಲಿಪಿನೋ ಹೆಂಗಸರಿಗೆಲ್ಲ ಹಿರಿಯಕ್ಕ. ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿ, ಕುರ್ಚಿ ಎಳೆದುಕೊಂಡು ಕೂತಳು.

"ತಗೋ ಕಣೇ, ನನ್ನ ಆಸ್ತಿ. ಇನ್ನು ಎಣ್ಣೆ ಅಂತ ಅಂಗಡಿ ಕಡೆ ತಲೆ ಹಾಕ್ಬೇಡ."

"ಅಯ್ಯೋ ಅಕ್ಕ, ನಾವೇ ಹೊರಡೋ ಹಾಗಿದ್ರೆ ಇದನ್ನೆಲ್ಲ ನಾನ್ಯಾರ ತಲೆಗೆ ಕಟ್ಲಿ?"

"ಹೊರಡೋದು ಗಟ್ಟಿಯಾಯ್ತಾ?"

"ಶುಕ್ರವಾರದೊಳಗೆ ಹೇಳ್ಬೇಕು."

ವಿಷಯ ಇಷ್ಟು. ಲಿಗಾಯಾಳ ಗಂಡ ಅರ್ನೆಲ್ ಹಡಗಿನ ಎಂಜಿನ್ ವಿಭಾಗದಲ್ಲಿ ಚೀಫ್. ಅವನ ಮುಂದೆ ಎರಡು ದಾರಿ ಇಟ್ಟಿದ್ದರು. ಇದೇ ಹಡಗಿನಲ್ಲಿ ಇನ್ನೆರಡು ವರ್ಷ ಇರಬಹುದು, ಇಲ್ಲವೇ ಅಕ್ಟೋಬರಿನಲ್ಲಿ ಸ್ಯಾನ್ ಡಿಯೇಗೋಗೆ ಹೋಗಬಹುದು. ಅಲ್ಲಿ ದಡದ ಮೇಲಿನ ಕೆಲಸ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಗಂಡ! ಲಿಗಾಯಾಳಿಗೆ ಮದುವೆಯಾಗಿ ಹದಿನೈದು ವರ್ಷವಾದರೂ ಅಂಥ ಗಂಡನನ್ನು ಬೇರೆಯವರ ಮನೆಯಲ್ಲಷ್ಟೇ ನೋಡಿ ಗೊತ್ತು. ಜೊತೆಗೆ ಅಲ್ಲಿ ಅವಳ ಚಿಕ್ಕಮ್ಮನ ಮಕ್ಕಳಿದ್ದರು, ನಾಲ್ಕು ಹೆಜ್ಜೆಗೊಂದು ಫಿಲಿಪಿನೋ ಅಂಗಡಿಯಿತ್ತು, ಜ್ವರ ಬಂದರೆ ಗಂಜಿ ಕಾಯಿಸಿ ಕೊಡಲು ಒಬ್ಬರಲ್ಲ ಒಬ್ಬರು ಇರುತ್ತಿದ್ದರು. ನಿಜ ಹೇಳಬೇಕೆಂದರೆ ಲಿಗಾಯಾಳಿಗೆ ಸಾಕಾಗಿತ್ತು. ಬಲ್ಬು ಬದಲಿಸುವುದರಿಂದ ಹಿಡಿದು ಭೂಕಂಪವಾದಾಗ ಮಗಳನ್ನು ಮೇಜಿನ ಕೆಳಗೆ ತಳ್ಳುವವರೆಗೆ ಎಲ್ಲವನ್ನೂ ಒಬ್ಬಳೇ ಮಾಡಿ ಮಾಡಿ ಮೂಳೆಮೂಳೆಯೂ ಬಳಲಿತ್ತು.

ಒಂದೇ ಮುಳ್ಳು, ಮಗಳ ಶಾಲೆ. ಡಾಲಿಸೇಗೆ ಹದಿಮೂರು. ಈಗ ಹೊರಟರೆ ಅದು ಅವಳ ಏಳನೆಯ ಶಾಲೆ, ಅದೂ ವರ್ಷದ ನಡುವೆ.

ಈ ವಸತಿಯಲ್ಲಿ ನಾಲ್ಕು ಹೆಂಗಸರು ಸೇರಿದರೆ ಬೇರೆ ಮಾತೇ ಇಲ್ಲ. ಎಲ್ಲರಿಗೂ ತಮ್ಮ ತಮ್ಮ ಉಪಾಯ, ಎಲ್ಲ ಉಪಾಯಕ್ಕೂ ಒಂದೊಂದು ತೂತು. ಬೇಸ್ ಒಳಗಿನ ಶಾಲೆ ಒಳ್ಳೆಯದು, ಆದರೆ ಮಗು ಗೆಳೆಯರ ಹೆಸರು ಕಲಿಯುವಷ್ಟರಲ್ಲಿ ಅರ್ಧ ತರಗತಿ ಊರು ಬಿಟ್ಟಿರುತ್ತದೆ. ಎದುರುಮನೆಯ ಡೀಡ್ರಾ ಈ ರಗಳೆಯೇ ಬೇಡವೆಂದು ನಾಲ್ಕು ಮಕ್ಕಳನ್ನೂ ಅಡಿಗೆಮನೆಯ ಮೇಜಿನಲ್ಲೇ ಕೂರಿಸಿ ಕಲಿಸುತ್ತಿದ್ದಳು. ಮಕ್ಕಳು ಜಾಣರೇ, ಡೀಡ್ರಾಳ ಕೂದಲು ಮಾತ್ರ ಮೂವತ್ತೈದಕ್ಕೇ ನರೆತಿತ್ತು. ಮೂಲೆಮನೆಯವರು ಮಗನನ್ನು ಊರಿನ ಜಪಾನಿ ಶಾಲೆಗೆ ಸೇರಿಸಿದರು. ಅವನು ನೆಲ ಗುಡಿಸಲು ಕಲಿತ, ಊಟ ಬಡಿಸಲು ಕಲಿತ, ಬಗ್ಗಿ ನಮಸ್ಕರಿಸಲು ಕಲಿತ. ಕೊನೆಗೆ ಮನೆಯಲ್ಲಿ ಜಗಳವಾದರೆ ಅಪ್ಪನಿಗೆ ಜಪಾನಿಯಲ್ಲೇ ತಿರುಗಿ ಮಾತಾಡತೊಡಗಿದ. ಅಪ್ಪನಿಗೆ ಅರ್ಥವಾಗದ್ದು ಒಳ್ಳೆಯದೇ ಆಯಿತೆಂದು ಎಲ್ಲರೂ ನಕ್ಕರು. ಚಾರಿತೋ ಅಕ್ಕ ತನ್ನ ಮಗನನ್ನು ಫಿಲಿಪೀನ್ಸಿನ ಪಂಗಸಿನಾನ್‌ನಲ್ಲಿರುವ ಅಜ್ಜಿಯ ಬಳಿ ಬಿಟ್ಟಿದ್ದಳು. ಒಂದೇ ಊರು, ಒಂದೇ ಶಾಲೆ. ಈಗ ಅವನು ಫೋನಿನಲ್ಲಿ ಅಮ್ಮನನ್ನು 'ತಾವು' ಎನ್ನುತ್ತಾನೆ.

"ನಿಂಗೇನೇ ಯೋಚನೆ?" ಎಂದಳು ಚಾರಿತೋ ಅಕ್ಕ. "ನಿನ್ನ ಮಗಳು ಬಂಗಾರ. ಬೇರೆ ಮಕ್ಕಳು ಹೋಗಲ್ಲ ಹೋಗಲ್ಲ ಅಂತ ನೆಲಕ್ಕೆ ಬಿದ್ದು ಹೊರಳಾಡ್ತಾವೆ. ನಿನ್ನದು ಪೆಟ್ಟಿಗೆ ತರಲಾ ಅಂತ ಕೇಳುತ್ತೆ."

ಅದು ನಿಜವಾಗಿತ್ತು. ಸ್ಯಾನ್ ಡಿಯೇಗೋ ಹೆಸರು ಬಾಯಿಂದ ಬಿದ್ದಾಗಿನಿಂದ ಡಾಲಿಸೇ ಬೆನ್ನು ಬಿಟ್ಟಿರಲಿಲ್ಲ. ಹೋಗೋಣ ಅಮ್ಮ, ಹೂಂ ಅನ್ನು ಅಮ್ಮ. ಆಗಸ್ಟಿನಲ್ಲಿ ಶಾಲೆ ಶುರುವಾಗುವ ಮುಂಚೆಯೇ ಹೋಗೋಣ, ಅಪ್ಪ ಆಮೇಲೆ ಬರಲಿ. ಹೊಸ ಜಾಗಕ್ಕೆ ಹೊಂದಿಕೊಳ್ಳುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮೊದಲ ದಿನ ಎಲ್ಲಿ ಕೂರಬೇಕು, ಯಾರ ಚೀಲವನ್ನು ಚೆನ್ನಾಗಿದೆ ಎನ್ನಬೇಕು, ಒಂಟಿಯಾಗಿ ಊಟ ಮಾಡುವ ಹುಡುಗಿಯನ್ನು ಹೇಗೆ ಹುಡುಕಬೇಕು, ಎಲ್ಲ ಅವಳಿಗೆ ಕರತಲಾಮಲಕ. ಸಂಜೆ ಬರುವಾಗ ಪಕ್ಕದಲ್ಲೊಬ್ಬಳು ಗೆಳತಿ ಇದ್ದೇ ಇರುತ್ತಿದ್ದಳು. ಈ ಒಂದು ವಿಷಯದಲ್ಲಿ ಲಿಗಾಯಾ ಒಳಗೊಳಗೇ ಬೀಗುತ್ತಿದ್ದಳು. ಉಳಿದದ್ದೆಲ್ಲ ಹೇಗೇ ಇರಲಿ, ಮಗಳನ್ನು ಮಾತ್ರ ಸರಿಯಾಗಿ ಬೆಳೆಸಿದೆ ಎಂದು.

ತನಗೂ ಹೋಗಬೇಕು, ಗಂಡನಿಗೂ ಹೋಗಬೇಕು, ಮಗಳಿಗೂ ಹೋಗಬೇಕು. ಮನೆಯ ಮೂವರೂ ಒಂದೇ ಮಾತು ಹೇಳುವುದು ಆ ಮನೆಯಲ್ಲಿ ಸುಲಭಕ್ಕೆ ಆಗುವಂಥದ್ದಲ್ಲ. ಇನ್ನೇನು ಬೇಕು?

ಆದರೂ ಏನೋ ಒಂದು ಕೊರೆಯುತ್ತಿತ್ತು. ಏಪ್ರಿಲಿನಲ್ಲಿ ಗಣಿತದ ಟೀಚರ್ ಹಾಲ್ವರ್ಸನ್ ಎರಡು ಸಲ ಫೋನ್ ಮಾಡಿದ್ದಳು. ಡಾಲಿಸೇ ಬಗ್ಗೆ ಸ್ವಲ್ಪ ಮಾತಾಡಬೇಕು ಎಂದಿದ್ದಳು. ಅರ್ನೆಲ್ ಸಮುದ್ರದಲ್ಲಿದ್ದ, ಲಿಗಾಯಾಳಿಗೆ ಬೇಸ್ ಅಂಗಡಿಯಲ್ಲಿ ಎರಡು ಪಾಳಿ. ಮೊದಲ ಸಲ "ಹೊಸ ಶಾಲೆ ಅಲ್ವಾ ಮೇಡಂ, ಹೊಂದ್ಕೊಳ್ತಾಳೆ" ಎಂದಳು. ಎರಡನೆಯ ಸಲ "ಹೇಗಿದ್ರೂ ನಾವು ಹೊರಡೋರು" ಎಂದಳು. ಟೀಚರ್ "ನೀವು ಇದ್ದರೆ ಎಂಟನೇ ತರಗತಿಗೂ ನಾನೇ ಇರ್ತೀನಿ, ಆಗ ಮಾತಾಡೋಣ" ಎಂದು ಫೋನಿಟ್ಟಿದ್ದಳು. ಆ ಹೆಂಗಸು ಊರಿನ ಮೀನುಗಾರನೊಬ್ಬನನ್ನು ಮದುವೆಯಾಗಿ ಹತ್ತೊಂಬತ್ತು ವರ್ಷದಿಂದ ಇಲ್ಲೇ ಬೇರೂರಿದವಳು. ಬಂದು ಹೋಗುವವರನ್ನು ನೋಡಿ ನೋಡಿ ಅವಳಿಗೂ ಬೇಸರ ಬಂದಿದ್ದೀತು.

ಗುರುವಾರ ಚಾರಿತೋ ಅಕ್ಕನಿಗೆ ಬೀಳ್ಕೊಡುಗೆ ಊಟ. ಒಬ್ಬೊಬ್ಬರು ಒಂದೊಂದು ಮಾಡಿ ತರಬೇಕು. ಲಿಗಾಯಾ ಬಿಬಿಂಗ್ಕಾ ಮಾಡುತ್ತೇನೆಂದು ಒಪ್ಪಿಕೊಂಡಿದ್ದಳು. ಅಕ್ಕಿಹಿಟ್ಟು, ತೆಂಗಿನಹಾಲು, ಸಕ್ಕರೆ, ಬೆಣ್ಣೆ ಕಲಸಿ ಬಾಳೆಲೆಯ ಮೇಲೆ ಬೇಯಿಸುವ ಸಿಹಿ. ಬಾಳೆಲೆ ಮಾತ್ರ ಒಕಿನಾವಾದಿಂದ ಬರುವ ಯಾರನ್ನೋ ಕಾಡಿ ತರಿಸಿದ್ದು. ಬೆಳಿಗ್ಗೆ ಪಾಳಿ ಮುಗಿಸಿ ಬಂದವಳಿಗೆ ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. ಮಗಳನ್ನು ಕರೆದಳು.

"ಬಾರೇ, ಕೈ ಜೋಡಿಸು. ನಾನು ಬಾಯಲ್ಲಿ ಹೇಳ್ತೀನಿ, ನೀನು ಅಳೆದು ಹಾಕು."

"ಪಾಕಪ್ರವೀಣೆ ಡಾಲಿಸೇ ಆಗಮಿಸಿದ್ದಾರೆ!" ಎಂದು ಹುಡುಗಿ ಏಪ್ರನ್ ಕಟ್ಟಿಕೊಂಡಳು.

ಅಳತೆಯ ಕಪ್ಪುಗಳಲ್ಲಿ ಒಂದು ಇರಲಿಲ್ಲ. ಮೂರರಲ್ಲೊಂದು ಎಂದು ಬರೆದದ್ದು. ಹಿಂದೆ ಇದ್ದ ಗುವಾಮ್‌ನಿಂದ ಬರುವಾಗ ಯಾವ ಪೆಟ್ಟಿಗೆಯಲ್ಲಿ ಕಳೆದುಹೋಯಿತೋ.

"ಪರವಾಗಿಲ್ಲ, ನಾಲ್ಕರಲ್ಲೊಂದು ಕಪ್ಪಿದೆಯಲ್ಲ, ಅದರಲ್ಲಿ ಬೆಣ್ಣೆ ತಗೋ. ಮೇಲೆ ಇನ್ನೊಂಚೂರು ಹಾಕು," ಎಂದಳು ಲಿಗಾಯಾ, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡೇ.

"ಜಾಸ್ತಿ ಯಾಕೆ? ಕಮ್ಮಿ ತಾನೇ ಹಾಕ್ಬೇಕು?"

"ಯಾಕೆ ಕಮ್ಮಿ?"

"ಮತ್ತೆ, ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ?"

ಲಿಗಾಯಾ ಕಣ್ಣು ಮುಚ್ಚಿಕೊಂಡೇ ನಕ್ಕಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಳು. ಮಗಳೂ ನಕ್ಕಳು, ಆದರೆ ಒಂದು ಕ್ಷಣ ತಡವಾಗಿ. ಬೇರೆಯವರು ನಕ್ಕದ್ದನ್ನು ನೋಡಿ ನಗುವವರು ನಗುತ್ತಾರಲ್ಲ, ಹಾಗೆ. ಲಿಗಾಯಾ ಕಣ್ಣು ಬಿಟ್ಟಳು.

"ಡಾಲಿ, ಅರ್ಧ ಕಪ್ ಜಾಸ್ತಿನೋ, ಮುಕ್ಕಾಲು ಕಪ್ ಜಾಸ್ತಿನೋ?"

"ಅಯ್ಯೋ ಅಮ್ಮ, ಈಗೇನು ಪರೀಕ್ಷೆನಾ?"

"ಹೇಳು ಮಗಳೇ."

ಹುಡುಗಿ ಕಪ್ಪುಗಳನ್ನು ಸಾಲಾಗಿ ಜೋಡಿಸಿದಳು, ಮತ್ತೆ ಕೆಡಿಸಿದಳು. "ನಮ್ಮ ಹಳೇ ಸ್ಕೂಲಲ್ಲಿ ಇದನ್ನ ಬೇರೆ ತರ ಹೇಳ್ಕೊಟ್ಟಿದ್ರು," ಎಂದಳು, ಸಲೀಸಾಗಿ, ಸಾವಿರ ಸಲ ಹೇಳಿ ರೂಢಿಯಾದವಳಂತೆ.

ಬೇಸ್ ಶಾಲೆಗಳಲ್ಲಿ ಈ ಒಂದು ಮಾತಿಗೆ ಎದುರಿಲ್ಲ. ಅಲ್ಲಿನ ಪ್ರತಿ ಮಗುವಿಗೂ ಒಂದು ಹಳೆಯ ಶಾಲೆಯಿದೆ, ಪ್ರತಿ ಹಳೆಯ ಶಾಲೆಯಲ್ಲೂ ಏನೋ ಒಂದು ಬೇರೆ ತರ ಇದ್ದೇ ಇರುತ್ತದೆ. ಟೀಚರುಗಳು ತಲೆಯಾಡಿಸುತ್ತಾರೆ, ಪಾಪ ಎನ್ನುತ್ತಾರೆ, ಬೇರೆ ಮಗುವಿನ ಕಡೆ ತಿರುಗುತ್ತಾರೆ. ತಾಯಂದಿರೂ ಅಷ್ಟೇ. ಲಿಗಾಯಾಳೇ ಎಷ್ಟು ಸಲ ತಲೆಯಾಡಿಸಿದ್ದಳೋ.

"ಯಾವ ಹಳೇ ಸ್ಕೂಲಲ್ಲಿ?" ಎಂದಳು ಈ ಸಲ.

ಯಾರೂ ಅದುವರೆಗೆ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ. ಡಾಲಿಸೇ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾದಳು. ಚಮಚವನ್ನು ಹಿಟ್ಟಿನಲ್ಲಿ ಹಾಗೇ ಬಿಟ್ಟು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲಿಗಾಯಾ ಕೂತಲ್ಲೇ ಲೆಕ್ಕ ಹಾಕಿದಳು. ನಾರ್ಫೋಕ್‌ನಲ್ಲಿ ಮೂರನೆಯ ತರಗತಿ. ಭಿನ್ನರಾಶಿ ಮುಂದಿನ ವರ್ಷ ಎಂದಿದ್ದರು. ಮುಂದಿನ ವರ್ಷ ಬ್ರೆಮರ್ಟನ್‌ಗೆ ಬಂದರೆ, ಇಲ್ಲಿ ಅದು ಹೋದ ತಿಂಗಳೇ ಮುಗಿಯಿತು ಎಂದರು. ಅಲ್ಲಿಂದ ಗುವಾಮ್. ನಡು ವರ್ಷದಲ್ಲಿ ಬಂದದ್ದರಿಂದ ಆ ವರ್ಷ ಮನೆಯಲ್ಲೇ ಕಲಿಸಿದ್ದು ಸ್ವತಃ ಲಿಗಾಯಾ. ಪುಸ್ತಕದಲ್ಲಿ ಆ ಪಾಠ ಬಂದ ದಿನವೂ ಅವಳಿಗೆ ನೆನಪಾಯಿತು. ಒಂದು ರೊಟ್ಟಿಯ ಚಿತ್ರವಿತ್ತು, ನಾಲ್ಕು ಭಾಗ ಮಾಡಿ ಒಂದಕ್ಕೆ ಬಣ್ಣ ಹಚ್ಚಿದ್ದರು. ಅಂದೇ ಅರ್ನೆಲ್‌ನ ಹಡಗು ಏಳು ತಿಂಗಳ ಮೇಲೆ ದಡಕ್ಕೆ ಬಂತು. ಪುಸ್ತಕ ಮುಚ್ಚಿ, ಹೊಸ ಬಟ್ಟೆ ಹಾಕಿಕೊಂಡು ತಾಯಿ ಮಗಳು ಬಂದರಿಗೆ ಓಡಿದರು. ಎರಡು ವಾರ ಮನೆಯಲ್ಲಿ ಹಬ್ಬ. ಮತ್ತೆ ಪುಸ್ತಕ ತೆಗೆದಾಗ ಬೇಸರದ ಪಾಠ ಬೇಡವೆಂದು ಮುಂದಿನದರಿಂದ ಶುರು ಮಾಡಿದ್ದರು. ಅವತ್ತು ಅದೆಂಥ ಸುಖ ಅವರಿಗೆ! ಲಿಗಾಯಾ ಕುರ್ಚಿ ಬಿಟ್ಟು ಎದ್ದಳು.

ಬಾಗಿಲು ತಟ್ಟದೆ ಒಳಗೆ ಹೋದಳು. ಡಾಲಿಸೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಭಾಗಾಕಾರ ಬರುತ್ತಾ?"

"ಚಿಕ್ಕದು ಬರುತ್ತೆ."

"ಮತ್ತೆ ಇಷ್ಟು ದಿನ ಹೇಗೆ ನಡೆಸಿದೆ?"

"ಪರೀಕ್ಷೆಯಲ್ಲಿ ನಾಲ್ಕು ಉತ್ತರ ಕೊಟ್ಟಿರ್ತಾರೆ, ಒಂದಕ್ಕೆ ಗುರುತು ಹಾಕೋದು. ಗುಂಪಲ್ಲಿ ಮಾಡೋ ಕೆಲಸ ಆದ್ರೆ ನಾನು ಚಿತ್ರ ಬರೀತೀನಿ, ಬೇರೆಯವರು ಲೆಕ್ಕ ಮಾಡ್ತಾರೆ." ದಿಂಬನ್ನು ಹತ್ತಿರಕ್ಕೆ ಎಳೆದುಕೊಂಡಳು. "ಮೊದಲ ಮೂರು ತಿಂಗಳು ಯಾರೂ ಕೇಳಲ್ಲಮ್ಮ. ಹೊಸಬಳು ಅಂತ ಎಲ್ಲರೂ ಒಳ್ಳೆಯವರಾಗಿರ್ತಾರೆ. ಆಮೇಲೆ ಶುರು ಮಾಡ್ತಾರೆ. ಬೋರ್ಡಿಗೆ ಬಾ ಅಂತಾರೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಎಲ್ಲರ ಹತ್ರನೂ ಹೇಳ್ತಿದ್ದೆಯಲ್ಲ, ನನ್ನ ಮಗಳದ್ದೊಂದು ನಂಗೆ ಚಿಂತೆಯಿಲ್ಲ ಅಂತ."

ಲಿಗಾಯಾ ಮಂಚದ ತುದಿಯಲ್ಲಿ ಕೂತಳು. 

"ಎಂಟನೇ ಕ್ಲಾಸಿಗೂ ಅದೇ ಮಿಸ್ ಬರ್ತಾರೆ," ಎಂದಳು ಮಗಳು, ಈ ಕಡೆ ತಿರುಗದೆ. "ಅವರಿಗೆ ಅನುಮಾನ ಬಂದಿದೆ. ಹೊರಟು ಹೋಗೋಣ ಅಮ್ಮ. ಅಲ್ಲಿ ಯಾರಿಗೂ ಗೊತ್ತಿರಲ್ಲ."

"ಅಲ್ಲೂ ಮೂರು ತಿಂಗಳಾದ ಮೇಲೆ ಗೊತ್ತಾದ್ರೆ?"

"ಅಷ್ಟೊತ್ತಿಗೆ ಅಪ್ಪನಿಗೆ ಮತ್ತೆ ವರ್ಗ ಆಗುತ್ತಲ್ಲ."

ಎಷ್ಟು ನಂಬಿಕೆಯಿಂದ ಹೇಳಿದಳು! ಬೇರೆ ಮಕ್ಕಳು ದೇವರನ್ನು ನಂಬುವಂತೆ ಈ ಹುಡುಗಿ ನೌಕಾದಳವನ್ನು ನಂಬಿದ್ದಳು. ಕಷ್ಟ ಬಂದಾಗೆಲ್ಲ ಎಲ್ಲಿಂದಲೋ ಒಂದು ಆಜ್ಞೆ ಬರುತ್ತದೆ, ಮನೆ ಖಾಲಿಯಾಗುತ್ತದೆ, ಯಾರಿಗೂ ಏನೂ ಗೊತ್ತಾಗದೆ ಎಲ್ಲ ಮುಗಿಯುತ್ತದೆ. ಐದು ಊರುಗಳಲ್ಲಿ ಅದು ತಪ್ಪದೆ ನಡೆದಿತ್ತು. ಮಗಳು ಹೋಗೋಣ ಎಂದದ್ದು ಧೈರ್ಯದಿಂದಲ್ಲ, ಓಡಿಹೋಗಲು. ಇಷ್ಟು ವರ್ಷ ಲಿಗಾಯಾ ಬೀಗಿದ್ದು ಅದನ್ನೇ ನೋಡಿ.

ಬಿಬಿಂಗ್ಕಾ ಹೇಗೋ ಬೆಂದಿತು. ಬೆಣ್ಣೆ ಕಡಿಮೆಯಾಗಿ ಬಿರುಸಾಗಿತ್ತು. ಮಧ್ಯಾಹ್ನದ ಊಟದಲ್ಲಿ ಚಾರಿತೋ ಅಕ್ಕ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಇದೇನೇ, ಸಾಮಾನು ಕಟ್ಟೋರಿಗೆ ಕೊಟ್ರೂ ಒಡೆಯಲ್ಲ," ಎಂದಳು. ಎಲ್ಲರೂ ನಕ್ಕರು. ಲಿಗಾಯಾಳಿಗೆ ನಗು ಬರಲಿಲ್ಲ. ಅಕ್ಕನನ್ನು ಅಡಿಗೆಮನೆಯ ಕಡೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದಳು.

ಚಾರಿತೋ ಅಕ್ಕ ತಟ್ಟೆ ಕೆಳಗಿಟ್ಟಳು. 

"ಮಕ್ಕಳು ಹೊಂದ್ಕೊಳ್ತಾರೆ ಅಂತ ಇದೇ ಬಾಯಲ್ಲಿ ಎಷ್ಟು ಜನಕ್ಕೆ ಹೇಳಿದೀನೋ," ಎಂದಳು. "ಹೊಂದ್ಕೊಳ್ಳದೇ ಇನ್ನೇನು ಮಾಡ್ತಾವೆ? ನಮ್ಮ ಮುಖ ನೋಡಿ ಹೊಂದ್ಕೊಳ್ತಾವೆ. ನನ್ನ ಮಗನೂ ಅಜ್ಜಿ ಮನೆಗೆ ಹೊಂದ್ಕೊಂಡ. ಈಗ ನಾನೇ ಅವನಿಗೆ ಹೊಂದಲ್ಲ."

"ನಾನೇನು ಮಾಡ್ಲಿ ಅಕ್ಕ? ನಂಗೆ ಸಾಕಾಗಿದೆ. ನಿಜವಾಗಿ ಸಾಕಾಗಿದೆ. ಮನೇಲಿ ಗಂಡ ಅಂತ ಒಬ್ಬ ಇರ್ಲಿ ಅನ್ನಿಸ್ತಿದೆ."

"ಅದನ್ನ ನನ್ನ ಕೇಳ್ಬೇಡ್ವೇ. ನಾನು ಎಲ್ಲಾ ಸಲ ಹೊರಟವಳು," ಎಂದು ಅಕ್ಕ ಅವಳ ತಲೆ ಸವರಿ ಹೊರಗೆ ಹೋದಳು. ಹೊರಗೆ ಯಾರೋ ಹಾಡು ಹಾಕಿ ಅವಳನ್ನು ಕರೆಯುತ್ತಿದ್ದರು.

ಸಂಜೆ ಅರ್ನೆಲ್ ಬಂದ. ಹಡಗು ರಿಪೇರಿಗೆ ನಿಂತಿದ್ದರಿಂದ ಆ ತಿಂಗಳು ಮನೆಯ ಊಟ. ಕೈಯುಜ್ಜಿ ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಎಣ್ಣೆ ಉಳಿಯುತ್ತಿತ್ತು. ಊಟ ಮುಗಿಸಿ, ಮಗಳು ಒಳಗೆ ಹೋದ ಮೇಲೆ, ಅವನು ಪಾತ್ರೆ ತೊಳೆದ, ಇವಳು ಒರೆಸಿದಳು. ಒರೆಸುತ್ತಲೇ ಹೇಳಿದಳು. ಅವನು ನಲ್ಲಿ ನಿಲ್ಲಿಸಿದ.

"ಅವತ್ತು ಬಂದರಿಗೆ ಬಂದಿರಲ್ಲ, ಆ ದಿನಾನಾ?" ಎಂದ.

"ಹೂಂ."

"ಡಾಲಿ ಹಳದಿ ಫ್ರಾಕ್ ಹಾಕಿದ್ಲು." ಅವನು ಮತ್ತೆ ನಲ್ಲಿ ತಿರುಗಿಸಿದ. "ಸರಿ, ಈಗ ಗೊತ್ತಾಯ್ತಲ್ಲ. ಸ್ಯಾನ್ ಡಿಯೇಗೋದಲ್ಲಿ ಟ್ಯೂಷನ್ ಇಲ್ವಾ? ಟೀಚರ್‌ಗಳಿಲ್ವಾ? ನಾನೇ ಸಂಜೆ ಕೂತು ಹೇಳ್ಕೊಡ್ತೀನಿ. ಮನೇಲೇ ಇರ್ತೀನಲ್ಲ."

"ಎಲ್ಲ ಇದೆ ಅಲ್ಲಿ. ನಮಗೇ ಪುರುಸೊತ್ತಿರಲ್ಲ. ಅಕ್ಟೋಬರಿಗೆ ಹೋಗ್ತೀವಿ. ಎರಡು ತಿಂಗಳು ಹೋಟೆಲು. ಮನೆ ಹುಡುಕ್ಬೇಕು, ಕಾರು ತಗೋಬೇಕು, ಸಾಮಾನು ಬರೋಷ್ಟರಲ್ಲಿ ಕ್ರಿಸ್‌ಮಸ್. ನಡು ವರ್ಷ ಸ್ಕೂಲಿಗೆ ಸೇರಿಸ್ತೀವಿ. ಜನವರಿಯಲ್ಲಿ ಯಾರೋ ಟೀಚರ್ ಫೋನ್ ಮಾಡಿದ್ರೆ ನಾನೇ ಹೇಳ್ತೀನಿ, ಹೊಸಬಳು, ಹೊಂದ್ಕೊಳ್ತಾಳೆ ಅಂತ. ನಂಗೆ ಗೊತ್ತು, ಹೇಳೇ ಹೇಳ್ತೀನಿ. ಸುಸ್ತಾದಾಗ ಬಾಯಿಗೆ ಅದೇ ಬರೋದು. ನಂಗೆ ನನ್ನ ಮೇಲೇ ನಂಬಿಕೆ ಇಲ್ಲ, ಅರ್ನೆಲ್."

"ಇಲ್ಲಿದ್ರೆ ನಾನು ಸೆಪ್ಟೆಂಬರಿಗೆ ಮತ್ತೆ ಸಮುದ್ರಕ್ಕೆ ಹೋಗ್ತೀನಿ."

"ಗೊತ್ತು."

"ಎರಡು ವರ್ಷ ಕಣೇ."

"ಗೊತ್ತು ಅಂದ್ನಲ್ಲ."

ಅವನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ. ಅವನಿಗೂ ನಲವತ್ತು ದಾಟಿತ್ತು, ಮಂಡಿ ನೋಯುತ್ತಿತ್ತು, ಕಿಟಕಿಯಿರುವ ಕೋಣೆಯಲ್ಲಿ ಕೆಲಸ ಮಾಡಬೇಕೆಂಬ ಆಸೆಯಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಲಿಗಾಯಾ ಬಹುಶಃ ಸೋತುಬಿಡುತ್ತಿದ್ದಳು. ಅವನು ಹೇಳಲಿಲ್ಲ.

"ಆ ಟೀಚರ್ ಇಲ್ಲೇ ಇರ್ತಾರಾ?" ಎಂದು ಕೇಳಿದ.

"ಹತ್ತೊಂಬತ್ತು ವರ್ಷದಿಂದ ಇದ್ದಾರೆ. ಅವರಿಗೆ ಇವಳ ಮೇಲೆ ಅನುಮಾನ ಬಂದಿದೆ. ಆರು ಊರಲ್ಲಿ ಮೊದಲನೇ ಸಲ ಒಬ್ಬರಿಗೆ ಅನುಮಾನ ಬಂದಿದೆ."

ಅರ್ನೆಲ್ ಕೈ ಒರೆಸಿಕೊಂಡ. "ನಾಳೆ ಹೇಳ್ತೀನಿ, ಇಲ್ಲೇ ಇರ್ತೀವಿ ಅಂತ," ಎಂದ. ಆಮೇಲೆ ಅವಳ ಭುಜದ ಮೇಲೆ ಗಲ್ಲವಿಟ್ಟು ಸ್ವಲ್ಪ ಹೊತ್ತು ನಿಂತ. ಲಿಗಾಯಾ ಅತ್ತಳು. ಮಗಳಿಗಾಗಿ ಅತ್ತಳೋ, ಕೈತಪ್ಪಿದ ಆ ಸಂಜೆಗಳಿಗಾಗಿ ಅತ್ತಳೋ, ಕೇಳಿದ್ದರೆ ಎರಡನೆಯದಕ್ಕೇ ಎಂದು ಹೇಳುತ್ತಿದ್ದಳು.

ಡಾಲಿಸೇಗೆ ಹೇಳಿದಾಗ ಅವಳು ಕೂಗಾಡಲಿಲ್ಲ. "ಅಲ್ಲಿಗೆ ಹೋಗಕ್ಕೆ ನಿಂಗೂ ಇಷ್ಟ ಇತ್ತಲ್ಲ!" ಎಂದಳು, ಮೋಸಹೋದವಳ ದನಿಯಲ್ಲಿ. ಆಮೇಲೆ ತಿಂಗಳಿಡೀ ತಾಯಿಯ ಜೊತೆ ಬೇಕಾದಷ್ಟೇ ಮಾತು. ಊಟಕ್ಕೆ ಹೂಂ, ಸ್ನಾನಕ್ಕೆ ಹೂಂ. ಬೀದಿಯಲ್ಲಿ ಒಂದೊಂದೇ ಮನೆಯ ಮುಂದೆ ಲಾರಿ ನಿಂತಿತು, ಹೊರಟಿತು. ಚಾರಿತೋ ಅಕ್ಕನ ಮನೆಗೆ ಬೀಗ ಬಿತ್ತು. ಪ್ರತಿ ಲಾರಿ ಬಂದಾಗಲೂ ಹುಡುಗಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು, ಅದು ತಪ್ಪಿ ತಮ್ಮ ಮನೆಗೆ ಬಂದೀತೇನೋ ಎಂಬಂತೆ.

ಆಗಸ್ಟ್ ಕೊನೆಯಲ್ಲಿ, ಶಾಲೆ ಶುರುವಾಗುವ ಹಿಂದಿನ ದಿನ, ಮಕ್ಕಳು ತಂದೆತಾಯಿಯರ ಜೊತೆ ಬಂದು ಟೀಚರುಗಳನ್ನು ನೋಡುವ ಪದ್ಧತಿ. ಲಿಗಾಯಾ ಪಾಳಿ ಬದಲಿಸಿಕೊಂಡು ಬಂದಳು. ಮೊಗಸಾಲೆಯ ತುಂಬ ಹೊಸ ಮುಖಗಳು. ಪುಟ್ಟ ಮಕ್ಕಳು ತಾಯಿಯ ಸೆರಗು ಹಿಡಿದಂತೆ ಚೀಲದ ಪಟ್ಟಿ ಹಿಡಿದುಕೊಂಡಿದ್ದರು, ದೊಡ್ಡವರು ಯಾವುದೂ ತಮಗೆ ಲೆಕ್ಕಕ್ಕಿಲ್ಲವೆಂಬಂತೆ ಗೋಡೆಗೆ ಒರಗಿದ್ದರು. ಹೆತ್ತವರು ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಎರಡೇ ಮಾತು. ಯಾವಾಗ ಬಂದ್ರಿ, ಯಾವಾಗ ಹೋಗ್ತೀರಿ.

ಎಂಟನೆಯ ತರಗತಿಯ ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಅವನೂ ಅಂದೇ ಕೆಲಸಕ್ಕೆ ಸೇರಿದ ಸಹಾಯಕ ಟೀಚರ್ ಇರಬೇಕು. ಡಾಲಿಸೇಯನ್ನು ನೋಡಿ ಮುಗುಳ್ನಕ್ಕು, "ಹೊಸಬಳಾ?" ಎಂದ.

"ಹೌದು ಸರ್!" ಎಂದಳು ಡಾಲಿಸೇ, ಥಟ್ಟನೆ, ಅದೇ ಹಳೆಯ ನಗು ನಕ್ಕು. ಒಂದು ತಿಂಗಳಿಂದ ತಾಯಿ ನೋಡದಿದ್ದ ಆ ನಗು. "ಈ ಕಡೆ ಕೂತ್ಕೊಳ್ಲಾ? ನಿಮ್ಮ ಟೈ ತುಂಬ ಚೆನ್ನಾಗಿದೆ."

ಯುವಕ ಅರಳಿಬಿಟ್ಟ. ಪಾಪ, ಅವನದೇನು ತಪ್ಪು. ಲಿಗಾಯಾಳ ಕಾಲು ನೋಯುತ್ತಿತ್ತು. ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿ ಮಲಗಬಹುದಿತ್ತು. ನಾಳೆ ಒಬ್ಬಳೇ ಬಂದು ಟೀಚರ್ ಹತ್ತಿರ ಮೆಲ್ಲಗೆ ಮಾತಾಡಬಹುದಿತ್ತು. ನಾಳೆ ಪಾಳಿಯಿತ್ತು. ನಾಡಿದ್ದೂ ಇತ್ತು.

"ಅಲ್ಲ," ಎಂದಳು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ಇವಳು ಹೊಸಬಳಲ್ಲ. ಹೋದ ವರ್ಷವೂ ಇಲ್ಲೇ ಇದ್ದಳು. ಇವಳಿಗೆ ಭಿನ್ನರಾಶಿ ಬರಲ್ಲ. ಭಾಗಾಕಾರ ಬರಲ್ಲ. ಯಾರೂ ಕಲಿಸಲಿಲ್ಲ. ನಾನೂ ಕಲಿಸಲಿಲ್ಲ."

ಹತ್ತಿರವಿದ್ದವರು ತಿರುಗಿ ನೋಡಿದರು. ಡಾಲಿಸೇಯ ಮುಖದ ಮೇಲಿನ ನಗು ಹಾಗೇ ಇತ್ತು, ತೆಗೆಯುವುದು ಹೇಗೆಂದು ಮರೆತುಹೋದವಳಂತೆ ನಿಂತಿದ್ದಳು. ಕಣ್ಣು ಮಾತ್ರ ತುಂಬಿ ಬಂತು.

ತರಗತಿಯ ಒಳಗಿಂದ ಹಾಲ್ವರ್ಸನ್ ಟೀಚರ್ ಎದ್ದು ಬಂದಳು. ಬಿಳಿಗೂದಲ, ದಪ್ಪ ಚಪ್ಪಲಿಯ ಹೆಂಗಸು. ತಾಯಿಯನ್ನು ನೋಡಿದಳು, ಮಗಳನ್ನು ನೋಡಿದಳು.

"ನೀವು ಯಾವಾಗ ಹೊರಡ್ತೀರಿ?" ಎಂದು ಲಿಗಾಯಾಳನ್ನೇ ಕೇಳಿದಳು.

"ಎರಡು ವರ್ಷ ಇಲ್ಲೇ."

"ಹಾಗಾದ್ರೆ ಆಗುತ್ತೆ. ದಿನಾ ಶಾಲೆ ಬಿಟ್ಟ ಮೇಲೆ ನನ್ನ ಹತ್ರ ಬರ್ಲಿ." ಡಾಲಿಸೇ ಕಡೆ ತಿರುಗಿದಳು. "ಮೊದಲನೇದರಿಂದ ಶುರು ಮಾಡೋಣ. ನಗಬೇಡ, ನೀನು ಇಲ್ಲಿ ಯಾರನ್ನೂ ಮೆಚ್ಚಿಸ್ಬೇಕಾಗಿಲ್ಲ."

ಹೊರಗೆ ಬಸ್ಸಿಗೆ ಕಾಯುವಾಗ ಬಿಸಿಲು ಸುಡುತ್ತಿತ್ತು. ತಾಯಿ ಮಗಳು ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಒಂದು ಬಸ್ಸು ಬಂತು, ಅವರದಲ್ಲ, ಹೋಯಿತು.

"ಎಲ್ಲರಿಗೂ ಗೊತ್ತಾಗೋಯ್ತು," ಎಂದಳು ಡಾಲಿಸೇ. "ನಾಳೆ ಹೇಗೆ ಹೋಗ್ಲಿ ಅಮ್ಮ? ಗೊತ್ತಿರೋರ ಮಧ್ಯೆ ಹೇಗೆ ಹೋಗ್ತಾರೆ? ನಂಗೆ ಅದೂ ಬರಲ್ಲ."

ಲಿಗಾಯಾ ಹದಿನೈದು ವರ್ಷದಲ್ಲಿ ಏಳು ಮನೆ ಕಟ್ಟಿ ಬಿಚ್ಚಿದವಳು, ಗೊತ್ತಿರುವವರ ನಡುವೆ ಎರಡನೆಯ ವರ್ಷ ಬಾಳುವುದು ಹೇಗೆಂದು ತಾನೂ ಮರೆತಿದ್ದಳು. ಬೆಂಚಿನ ಮೇಲೆ ಸರಿದು ಮಗಳ ಪಕ್ಕಕ್ಕೆ ಬಂದಳು.

"ನಂಗೂ ಬರಲ್ಲ," ಎಂದಳು.